ಮೀಟರ್ ನಿಂತೋದ್ರೂ ಗಾಡಿ ಓಡ್ತಾ ಇದೆ, ಕಿಲೋಮೀಟರ್ ಲೆಕ್ಕ ಇಡೋದು ಹೇಗೆ?

ಮದ್ದೂರು ದಾಟಿ ಸ್ವಲ್ಪ ಮುಂದೆ, ಬೆಳಗಿನ ಜಾವ ಐದೂವರೆ ಇರ್ಬೇಕು, ಅಪ್ಪ ಗಾಡೀನ ಸರ್ವೀಸ್ ರೋಡಿಗೆ ಇಳಿಸಿ "ಮಗಾ, ಫೋನ್ ತೆಗಿ, ಇನ್ನೇನು ಹತ್ತು ಲಕ್ಷ ಆಗುತ್ತೆ" ಅಂದ್ರು. ಹದಿನೈದು ವರ್ಷ ಮೈಸೂರಿಂದ ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸಿದ ಮನುಷ್ಯ, ಆ ಒಂದು ಅಂಕಿಗೋಸ್ಕರ ವಾರದಿಂದ ಕಾಯ್ತಾ ಇದ್ರು. ಮೀಟರ್ 9,99,998 ತೋರಿಸ್ತು, ಆಮೇಲೆ 9,99,999 ಬಂತು, ನಾನು ಕ್ಯಾಮೆರಾ ಹಿಡ್ಕೊಂಡೇ ಕೂತಿದ್ದೆ, ಒಂದು ಕಿಲೋಮೀಟರ್ ಹೋಯ್ತು, ಎರಡು ಹೋಯ್ತು, ಮೂರು ಹೋಯ್ತು, ಅಂಕಿ ಮಾತ್ರ ಅಲ್ಲಾಡ್ಲೇ ಇಲ್ಲ. ಅಪ್ಪ ಏನೂ ಮಾತಾಡ್ದೆ ಮತ್ತೆ ಮೇನ್ ರೋಡಿಗೆ ಹತ್ತಿಸಿದ್ರು. ನಂಗೆ ತುಂಬಾ ಬೇಜಾರಾಯ್ತು, ಈಗ್ಲೂ ಆಗುತ್ತೆ, ಯಾಕಂದ್ರೆ ಇಂಜಿನ್ನು ಗಟ್ಟಿಮುಟ್ಟಾಗಿದೆ, ಲೆಕ್ಕ ಇಡ್ಬೇಕಾದ ಮೀಟರೇ ಕೈ ಎತ್ತಿಬಿಡ್ತು.

ನಿಮ್ಮ ಗಾಡೀಲೂ ಹೀಗಾಗಿದ್ರೆ ಏನು ಮಾಡ್ಬೇಕು ಅಂತ, ನಾವು ಮಾಡಿ ನೋಡಿದ್ದನ್ನ ಇಲ್ಲಿ ಬರ್ದಿದ್ದೀನಿ.

ಮೊದಲು ಇದು ಕೆಟ್ಟಿರೋದಾ ಇಲ್ಲಾ ಮೀಟರಿನ ಮಿತಿ ಮುಗಿದಿರೋದಾ ಅಂತ ತಿಳ್ಕೊಳಿ. ಅಂಕಿ ನೋಡಿದ್ರೇ ಅರ್ಧ ಗೊತ್ತಾಗುತ್ತೆ. 9,99,999ಕ್ಕೆ ನಿಂತಿದ್ರೆ ಅದು ಮಿತಿ, ಆರು ಅಂಕಿ ತೋರಿಸೋ ಜಾಗದಲ್ಲಿ ಏಳನೇ ಅಂಕಿಗೆ ಸ್ಥಳ ಇಲ್ಲ. ಕೆಲವು ಗಾಡಿಗಳಲ್ಲಿ ಇನ್ನೂ ಮುಂಚೆನೇ ನಿಲ್ಲುತ್ತೆ, ಅಮೆರಿಕದಲ್ಲಿ ಓಡೋ 2003ರಿಂದ 2008ರ ಟೊಯೊಟಾ ಕೊರೊಲ್ಲಾಗಳಲ್ಲಿ 2,99,999 ಮೈಲಿಗೆ ನಿಂತುಬಿಡುತ್ತೆ ಅನ್ನೋದು ಅಲ್ಲಿ ಹಳೇ ಗಾಡಿ ಇಟ್ಕೊಂಡಿರೋರಿಗೆಲ್ಲ ಗೊತ್ತಿರೋ ವಿಷ್ಯ. ಅದು ಕಿಲೋಮೀಟರಲ್ಲಿ ಹತ್ತಿರಹತ್ತಿರ 4,82,800, ಅಂದ್ರೆ ನಮ್ಮ ಟ್ಯಾಕ್ಸಿಯೋರಿಗೆ ಅರ್ಧ ಆಯಸ್ಸು. ಅಲ್ಲಿ ಆರು ಅಂಕಿಯ ಜಾಗ ಇದ್ರೂ ಮೂರು ಲಕ್ಷ ತೋರಿಸಲ್ಲ. ಹಳೇ ಅಂಬಾಸಿಡರ್ ಕಾಲದ ಐದಂಕಿ ಚಕ್ರದ ಮೀಟರೇ ವಾಸಿ ಅನ್ಸುತ್ತೆ, ಅದು 99,999 ಆದ್ಮೇಲೆ ಸೊನ್ನೆಗೆ ಬಂದು ಮತ್ತೆ ಎಣಿಸೋಕೆ ಶುರು ಮಾಡ್ತಿತ್ತು, ಎಷ್ಟು ಸುತ್ತು ಆಯ್ತು ಅಂತ ನೆನಪಿಟ್ಕೊಂಡ್ರೆ ಸಾಕಿತ್ತು.

ಆದ್ರೆ 1,87,432 ಥರ ಯಾವುದೋ ಮಧ್ಯದ ಅಂಕಿಗೆ ನಿಂತಿದ್ರೆ ಅದು ಮಿತಿ ಅಲ್ಲ, ಕೆಟ್ಟಿದೆ. ಆಗ ಸ್ಪೀಡಿನ ಮುಳ್ಳು ನೋಡಿ. ಕೇಬಲ್ ಇರೋ ಹಳೇ ಗಾಡೀಲಿ ಮುಳ್ಳೂ ಏಳ್ತಿಲ್ಲ, ಕಿಲೋಮೀಟರೂ ಓಡ್ತಿಲ್ಲ ಅಂದ್ರೆ ಹೆಚ್ಚಾಗಿ ಮೀಟರ್ ಕೇಬಲ್ ಕಟ್ಟಾಗಿರುತ್ತೆ, ದೊಡ್ಡ ಖರ್ಚಿನ ಕೆಲ್ಸ ಅಲ್ಲ. ಮುಳ್ಳು ಸರಿಯಾಗಿ ಏಳ್ತಿದೆ, ಅಂಕಿ ಮಾತ್ರ ನಿಂತಿದೆ ಅಂದ್ರೆ ಮೀಟರ್ ಒಳಗಿನ ಸಣ್ಣ ಪ್ಲಾಸ್ಟಿಕ್ ಗೇರಿನ ಹಲ್ಲು ಮುರಿದಿರುತ್ತೆ. ಮುಳ್ಳು ಏಳೋದು ಆಯಸ್ಕಾಂತದ ಸೆಳೆತಕ್ಕೆ, ಅಂಕಿ ತಿರುಗೋದು ಗೇರಿಂದ, ಅದಕ್ಕೇ ಒಂದು ಸರಿಯಿದ್ದು ಇನ್ನೊಂದು ಕೆಡಬಹುದು. ಸೆನ್ಸರ್ ಇರೋ ಗಾಡೀಲಿ ಎರಡೂ ಒಟ್ಟಿಗೆ ಸತ್ರೆ ಸ್ಪೀಡ್ ಸೆನ್ಸರ್ ಇಲ್ಲಾ ಅದರ ವೈರಿಂಗ್ ಮೇಲೆ ಅನುಮಾನ, ಗ್ಯಾರೇಜಲ್ಲಿ ಸ್ಕ್ಯಾನರ್ ಹಾಕ್ಸಿ, ಪಿ0500 ಅನ್ನೋ ಕೋಡ್ ಬಂದ್ರೆ ಹುಡುಕ್ಬೇಕಾದ ಜಾಗ ಅದೇ. ಇವೆಲ್ಲ ರಿಪೇರಿ ಆಗುತ್ತೆ, ಮಾಡ್ಸಿ.

ಮಿತಿನೇ ಮುಗಿದಿದ್ರೆ ಅವತ್ತೇ ಮೀಟರಿನ ಫೋಟೋ ತೆಗೀರಿ, ತಾರೀಖು ಕಾಣೋ ಹಾಗೆ. ಒಂದು ಪುಸ್ತಕದ ಮೊದಲ್ನೇ ಹಾಳೇಲಿ ನಿಂತ ಅಂಕಿ, ನಿಂತ ದಿನ, ನಿಂತ ಜಾಗ ಬರೀರಿ. ಫೋನಲ್ಲೂ ಇಡಬಹುದು, ಆದ್ರೆ ಫೋನ್ ಬದಲಾಗುತ್ತೆ, ಗಾಡೀಲಿರೋ ಪುಸ್ತಕ ಗಾಡಿ ಜೊತೆನೇ ಇರುತ್ತೆ, ನನ್ನ ಓಟು ಪುಸ್ತಕಕ್ಕೇ.

ಆಮೇಲೆ ಟ್ರಿಪ್ ಮೀಟರ್, ಅಂದ್ರೆ ಬೇಕಾದಾಗ ಸೊನ್ನೆ ಮಾಡಿ ಎಣಿಸೋ ಸಣ್ಣ ಮೀಟರ್, ಓಡ್ತಾ ಇದ್ಯಾ ಅಂತ ನೋಡಿ. ನಮ್ಮ ಗಾಡೀಲಿ ಓಡ್ತಿತ್ತು, ಅದೇ ನಮ್ಮನ್ನ ಉಳಿಸಿದ್ದು. ಪ್ರತಿ ಸಲ ಡೀಸೆಲ್ ಹಾಕ್ಸಿದಾಗ ಟ್ರಿಪ್ ಅಂಕಿನ ಪುಸ್ತಕಕ್ಕೆ ಬರ್ದು ಸೊನ್ನೆ ಮಾಡಿ. ತಿಂಗಳುಗಟ್ಟಲೆ ಹಾಗೇ ಬಿಡ್ಬೇಡಿ, ಕೆಲವು ಟ್ರಿಪ್ ಮೀಟರ್ 999.9 ಆದ್ಮೇಲೆ ತಾನೇ ಸೊನ್ನೆಗೆ ಬರುತ್ತೆ, ಕೆಲವು 9999.9 ತನಕ ಹೋಗುತ್ತೆ, ಮತ್ತೆ ಎಷ್ಟೋ ಗಾಡೀಲಿ ಬ್ಯಾಟರಿ ಟರ್ಮಿನಲ್ ಬಿಚ್ಚಿದ್ರೆ ಟ್ರಿಪ್ ಅಳಿಸಿಹೋಗುತ್ತೆ. ನಮ್ದು ಒಂದು ಸಲ ಹಾಗೇ ಹೋಯ್ತು, ಎಲೆಕ್ಟ್ರಿಷಿಯನ್ ಬ್ಯಾಟರಿ ಬದ್ಲಾಯಿಸ್ದ, 400 ಚಿಲ್ಲರೆ ಕಿಲೋಮೀಟರ್ ಕಣ್ಮರೆ. ಬಾನೆಟ್ ತೆಗೆಯೋಕೆ ಮುಂಚೆನೇ ಬರ್ಕೊಳಿ.

ಟ್ರಿಪ್ಪೂ ಸತ್ತಿದ್ರೆ ಎರಡು ದಾರಿ ಇದೆ, ಎರಡನ್ನೂ ಒಟ್ಟಿಗೆ ಮಾಡಿ. ಒಂದು ಡೀಸೆಲ್ ಲೆಕ್ಕ: ಫುಲ್ ಟ್ಯಾಂಕಿಂದ ಫುಲ್ ಟ್ಯಾಂಕಿಗೆ ಹಾಕ್ಸಿದ ಲೀಟರನ್ನ ನಿಮ್ಮ ಗಾಡಿಯ ಸರಾಸರಿ ಮೈಲೇಜಿಂದ ಗುಣಿಸೋದು. ಇನ್ನೊಂದು ಎಷ್ಟು ಸಲ ಹೋಗಿಬಂದ್ವಿ ಅಂತ ಎಣಿಸೋದು. ನಾವು ಒಂದು ತಿಂಗಳು ಪರೀಕ್ಷೆಗೆ ಅಂತ ಎರಡೂ ಮಾಡಿದ್ವಿ. ಆ ತಿಂಗಳು 490 ಲೀಟರ್ ಹಾಕ್ಸಿದ್ವಿ, ಲೀಟರಿಗೆ 12 ಅಂದ್ರೆ 5,880 ಕಿಮೀ ಆಯ್ತು. ಮನೆಯಿಂದ ಏರ್‌ಪೋರ್ಟಿಗೆ ಹೋಗಿಬರೋಕೆ 360 ಕಿಮೀ, ಹದಿನಾರು ಸಲ ಹೋಗಿದ್ವಿ, 5,760. ಎರಡಕ್ಕೂ ವ್ಯತ್ಯಾಸ ಬರೀ 120, ನೂರಕ್ಕೆ ಎರಡರಷ್ಟು, ಸರ್ವೀಸ್ ಲೆಕ್ಕಕ್ಕೆ ಇಷ್ಟು ಧಾರಾಳ ಸಾಕು.

ಎಷ್ಟು ಸಲ ಹೋಗಿದ್ವಿ ಅಂತ ನೆನಪಿಲ್ದೇ ಇದ್ರೆ ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ತೆಗೀರಿ. 2021ರ ಫೆಬ್ರವರಿಯಿಂದ ಅದು ಕಡ್ಡಾಯ ಆಗಿರೋದ್ರಿಂದ ಹೈವೇಲಿ ಓಡಿರೋ ಗಾಡಿಗೆ ಟೋಲ್ ದಾಟಿದ ತಾರೀಖು, ಟೈಮು ಎಲ್ಲಾ ಅದ್ರಲ್ಲಿ ಇರುತ್ತೆ. ನಾವು ಮೈಸೂರು-ಬೆಂಗಳೂರು ಹೈವೇಲಿರೋ ಗಣಂಗೂರು ಟೋಲ್ ದಾಟಿದ್ದನ್ನ ಎಣಿಸಿದ್ವಿ, 32 ಸಲ, ಅಂದ್ರೆ ಹದಿನಾರು ರೌಂಡು, ಅಪ್ಪನ ನೆನಪಿಗೂ ಅದಕ್ಕೂ ತಾಳೆ ಆಯ್ತು. ಮೀಟರ್ ನಿಂತು ಆರು ತಿಂಗಳಾದ್ಮೇಲೆ ಗಮನಿಸಿದೋರಿಗೆ ಇದೇ ದೊಡ್ಡ ಆಸರೆ. ಹಳೇ ಡೀಸೆಲ್ ಬಿಲ್ಲು, ಸರ್ವೀಸ್ ಬಿಲ್ಲು ಇದ್ರೆ ಅದನ್ನೂ ಜೋಡಿಸ್ಕೊಳಿ.

ಫೋನಿನ ಜಿಪಿಎಸ್ ಆ್ಯಪ್ ಹಾಕಿದ್ರೆ ಮೀಟರಿಗೂ ಅದಕ್ಕೂ ಸ್ವಲ್ಪ ಹೆಚ್ಚುಕಮ್ಮಿ ಬರುತ್ತೆ, ಗಾಬರಿ ಬೇಡ. ಗಾಡಿಯ ಮೀಟರ್ ರೋಡನ್ನ ಅಳೆಯಲ್ಲ, ಚಕ್ರದ ಸುತ್ತನ್ನ ಎಣಿಸುತ್ತೆ. 205/65 ಆರ್15 ಟೈರಿಗೆ ಒಂದು ಕಿಲೋಮೀಟರಿಗೆ ಸುಮಾರು 490 ಸುತ್ತು. ಹೊಸ ಟೈರಲ್ಲಿ 8 ಮಿಮೀ ಆಳ ಇರೋ ಗೀರು ಸವೆದು 1.6ಕ್ಕೆ ಬಂದ್ರೆ ಚಕ್ರ ಚಿಕ್ಕದಾಗಿ ಅದೇ ದಾರಿಗೆ ಸುತ್ತು ಜಾಸ್ತಿ ಆಗುತ್ತೆ, ಆ ವ್ಯತ್ಯಾಸನೂ ನೂರಕ್ಕೆ ಎರಡರ ಹತ್ರ.

ಈ ಲೆಕ್ಕ ಎಲ್ಲಾ ಯಾಕೆ ಅಂದ್ರೆ ಇಂಜಿನ್ನಿಗೋಸ್ಕರ. ಆಯಿಲ್, ಫಿಲ್ಟರ್, ಗೇರ್ ಆಯಿಲ್ ಎಲ್ಲಾ ಕಿಲೋಮೀಟರ್ ಮೇಲೇ ನಿಂತಿರೋದು. ಅದ್ರಲ್ಲೂ ಟೈಮಿಂಗ್ ಬೆಲ್ಟ್ ಇರೋ ಗಾಡಿಯೋರು ದಯವಿಟ್ಟು ಉದಾಸೀನ ಮಾಡ್ಬೇಡಿ, ಅದು ಓಡ್ತಾ ಇರುವಾಗ ಹರಿದ್ರೆ ಎಷ್ಟೋ ಇಂಜಿನ್ನಲ್ಲಿ ಪಿಸ್ಟನ್ನು ವಾಲ್ವಿಗೆ ಬಡಿದು ಇಂಜಿನ್ ಹೆಡ್ಡನ್ನೇ ಬಿಚ್ಚಿ ರಿಪೇರಿ ಮಾಡ್ಸೋ ಹಾಗಾಗುತ್ತೆ. ಬೆಲ್ಟ್ ಹಾಕಿಸಿದ ಅಂಕಿ, ಮುಂದೆ ಹಾಕಿಸ್ಬೇಕಾದ ಅಂಕಿ, ಎರಡನ್ನೂ ಪುಸ್ತಕದಲ್ಲಿ ಕೆಂಪಲ್ಲಿ ಬರೀರಿ. ನಿಮ್ಮ ಗಾಡಿಗೆ ಎಷ್ಟು ಅಂತ ಮ್ಯಾನುಯಲ್ ನೋಡಿ.

ಈಗ ಸಿಟ್ಟು ಬರೋ ವಿಷ್ಯ. ಮೀಟರ್ ತೋರ್ಸೋಕೆ ಹೋದಾಗ ಒಬ್ರು "ಅಣ್ಣ, ಇದನ್ನ ಎರಡು ಲಕ್ಷಕ್ಕೆ ಇಳಿಸಿಕೊಡ್ತೀನಿ, ಮಾರೋವಾಗ ಒಳ್ಳೇ ರೇಟ್ ಬರುತ್ತೆ" ಅಂದ್ರು. ಅಪ್ಪ ಕೀ ತಗೊಂಡು ಹೊರಗೆ ಬಂದ್ಬಿಟ್ರು. ಎರಡು ಲಕ್ಷ ಅಂತ ನಂಬಿ ತಗೊಂಡೋನು ಅದನ್ನೇ ನಂಬಿ ಹೆಂಡ್ತಿ ಮಕ್ಕಳನ್ನ ಕೂರಿಸ್ಕೊಂಡು ಘಾಟಿ ಇಳೀತಾನೆ. ಇದು ಶುದ್ಧ ಮೋಸ, ಯಾರೂ ಮಾಡ್ಬಾರ್ದು, ಮಾಡಿಸ್ಲೂಬಾರ್ದು. ಬೆಂಗಳೂರಿನ ಜೆಸಿ ರೋಡಲ್ಲೋ ಗುಜರೀಲೋ ಸೆಕೆಂಡ್ ಹ್ಯಾಂಡ್ ಮೀಟರ್ ಬೋರ್ಡ್ ತಂದು ಹಾಕಿಸೋದು ಬೇರೆ ವಿಷ್ಯ, ಅದು ತಪ್ಪಲ್ಲ, ಆದ್ರೆ ಆ ಬೋರ್ಡಿನ ಚಿಪ್ಪಲ್ಲಿ ಬೇರೆ ಗಾಡಿಯ ಓಟ ಇರುತ್ತೆ. ಹಾಕ್ಸಿದ್ರೆ ಬಿಲ್ಲಲ್ಲಿ ಹಳೇ ಅಂಕಿ, ಹೊಸ ಬೋರ್ಡಿನ ಅಂಕಿ, ತಾರೀಖು ಮೂರನ್ನೂ ಬರ್ಸಿ.

ಅಮೆರಿಕದಲ್ಲಿ 1972ರಿಂದಲೇ ಮೀಟರಿಗೆ ಅಂತ ಕೇಂದ್ರ ಕಾನೂನಿದೆ. ರಿಪೇರಿ ಮಾಡಿದ ಮೀಟರಿಗೆ ಹಳೇ ಅಂಕಿ ಕೂರಿಸೋಕೆ ಆಗ್ಲಿಲ್ಲ ಅಂದ್ರೆ ಸೊನ್ನೆಯಿಂದ ಶುರು ಮಾಡಿ, ಎಡಗಡೆ ಬಾಗಿಲಿನ ಚೌಕಟ್ಟಿಗೆ ಹಳೇ ಅಂಕಿ ಮತ್ತು ತಾರೀಖು ಬರ್ದ ಚೀಟಿ ಅಂಟಿಸ್ಬೇಕು. ಮಾರೋವಾಗ ಬರ್ಕೊಡೋ ಮೀಟರ್ ಹೇಳಿಕೇಲೂ ಓಟ ಮೀಟರಿನ ಮಿತಿ ಮೀರಿದೆ ಅಂತ ತಿಳಿಸೋಕೆ ಪ್ರತ್ಯೇಕ ಗುರುತು ಇದೆ. ಆ ಪದ್ಧತಿ ನಂಗೆ ತುಂಬಾ ಹಿಡಿಸ್ತು. ನೀವು ಗಾಡಿ ಮಾರೋದಾದ್ರೆ ಕರಾರು ಪತ್ರದಲ್ಲಿ "ಮೀಟರ್ 9,99,999ಕ್ಕೆ ನಿಂತಿದೆ, ಪುಸ್ತಕದ ಪ್ರಕಾರ ಓಟ ಇಷ್ಟು" ಅಂತ ಒಂದು ಸಾಲು ಸೇರ್ಸಿ, ಪುಸ್ತಕನೂ ತಗೊಂಡೋರ ಕೈಗೇ ಕೊಡಿ.

ನಮ್ಮ ಗಾಡೀಲಿ ಚೀಟಿ ಬಲಗಡೆ, ಡ್ರೈವರ್ ಬಾಗಿಲಿನ ಚೌಕಟ್ಟಲ್ಲಿದೆ. ನಿಂತ ಅಂಕಿ, ತಾರೀಖು, ಅದರ ಕೆಳಗೆ "ಮುಂದಿನ ಲೆಕ್ಕ ಡ್ಯಾಶ್‌ಬೋರ್ಡ್ ಒಳಗಿನ ಪುಸ್ತಕದಲ್ಲಿ" ಅಂತ ಅಪ್ಪನ ಅಕ್ಷರ, ಮಳೆಗೆ ಶಾಯಿ ಹರಡಬಾರ್ದು ಅಂತ ಮೇಲೆ ಸೆಲ್ಲೋಟೇಪು. ಹತ್ತು ಲಕ್ಷ ಅನ್ನೋದನ್ನ ಮೀಟರ್ ತೋರಿಸ್ಲಿಲ್ಲ, ಪುಸ್ತಕದ ಎರಡನೇ ಸಾಲಲ್ಲಿ ಅಪ್ಪನೇ ದಪ್ಪಕ್ಕೆ ಬರ್ಕೊಂಡಿದ್ದಾರೆ: 10,00,000, ಮದ್ದೂರು ಹತ್ರ.