ಜಾಲಿ ತೆಗೆದ ಜಾಗಕ್ಕೆ ತಂಗಡಿ

ಬಳ್ಳಾರಿ ಜಾಲಿ ಕಡಿಯುವವರಿಗೆ ಕಲಬುರಗಿ ಜಿಲ್ಲೆಯ ನಮ್ಮ ಚಿತ್ತಾಪುರ ಕಡೆ ಕೊರತೆ ಇಲ್ಲ. ಇದ್ದಿಲು ಸುಡುವವರು ಬರುತ್ತಾರೆ, ನೆಲಮಟ್ಟಕ್ಕೆ ಕಡಿದು ಒಯ್ಯುತ್ತಾರೆ. ಒಂದು ಮಳೆ ಬಿದ್ದರೆ ಸಾಕು, ಬೊಡ್ಡೆ ಸುತ್ತ ಚಿಗುರೋ ಚಿಗುರು. ಮರ ಇದ್ದಲ್ಲಿ ಪೊದೆ ಆಗುತ್ತದೆ, ಅಷ್ಟೇ. ಕಾಗಿಣಾ ಹೊಳೆ ದಂಡೆ ಕಡೆಗಿರುವ ನಮ್ಮ ಹೊಲದ ಒಡ್ಡು, ಪಕ್ಕದ ಪಡ ಬಿದ್ದ ನೆಲ ಎಲ್ಲ ಹೀಗೇ ಮುಚ್ಚಿಹೋಗಿತ್ತು. ಕೆಳಗೆ ಒಂದು ಎಳೆ ಹುಲ್ಲಿಲ್ಲ. ಕಾಡುಹಂದಿಗೆ ಮಾತ್ರ ಅನುಕೂಲ. ಹಗಲು ಅಲ್ಲಿ ನಿದ್ದೆ, ರಾತ್ರಿ ನಮ್ಮ ಜೋಳದಲ್ಲಿ ಊಟ.

ಈ ಗಿಡದ ಜೀವ ಇರುವುದು ನೆಲದ ಒಳಗೆ, ಬೊಡ್ಡೆ ಬೇರಿಗೆ ಕೂಡುವ ಗಂಟಿನಲ್ಲಿ. ಚಿಗುರು ಏಳುವುದು ಅಲ್ಲಿಂದ. ಸುತ್ತ ಮೊಳದಷ್ಟು ಅಗೆದು, ಗಂಟಿನ ಕೆಳಗೆ ಬೇರು ಕಡಿದು ಎತ್ತಿದರೆ ಮತ್ತೆ ಬರುವುದಿಲ್ಲ. ಆಳಕ್ಕೆ ಇಳಿದ ಬೇರು ಅಲ್ಲೇ ಉಳಿದರೂ ಚಿಂತೆ ಇಲ್ಲ. ದೊಡ್ಡ ಗಿಡಗಳನ್ನು ಬೇಸಿಗೆಯಲ್ಲಿ ಜೆಸಿಬಿ ತರಿಸಿ ತೆಗೆಸಿದೆ. ಮಳೆ ಬಿದ್ದ ಮೇಲೆ ಕರಿಮಣ್ಣಿಗೆ ಗಾಡಿ ಇಳಿಸಿದರೆ ಅದನ್ನು ಎಳೆಯಲು ಇನ್ನೊಂದು ಗಾಡಿ ಬೇಕು.

ಆದರೆ ನಮ್ಮದು ಫರಸಿ ಕಲ್ಲಿನ ಸೀಮೆ. ಕೆಲವು ಕಡೆ ಸ್ವಲ್ಪ ಅಗೆದರೆ ಹಾಸುಬಂಡೆ. ಜಾಲಿ ಬೇರು ಕಲ್ಲಿನ ಸಂದಿಯಲ್ಲಿ ಇಳಿದಿರುತ್ತದೆ. ಜೆಸಿಬಿ ಎಳೆದರೆ ಮೇಲೆ ಮುರಿಯುತ್ತದೆ, ಗಂಟು ಸಂದಿಯಲ್ಲೇ ಉಳಿಯುತ್ತದೆ. ಅಂಥವುಗಳ ಚಿಗುರು ಗೇಣುದ್ದ ಬೆಳೆಯುವ ಮೊದಲೇ ಮುರಿಯುತ್ತಾ ಬಂದೆ. ಎಲೆ ಬಿಡಲು ಬಿಡದಿದ್ದರೆ ಬೇರಿಗೆ ಊಟ ಸಿಗುವುದಿಲ್ಲ. ಬೇಜಾರಿನ ಕೆಲಸ, ಆದರೆ ಆಗುತ್ತದೆ. ದಪ್ಪ ಅಟ್ಟೆಯ ಚಪ್ಪಲಿ ಇರಲಿ. ಇದರ ಮುಳ್ಳು ಟ್ರ್ಯಾಕ್ಟರ್ ಟೈರನ್ನೇ ಬಿಡುವುದಿಲ್ಲ.

ಗಾಡಿ ಬರುವ ಹಿಂದಿನ ದಿನ ಉಳಿಸಬೇಕಾದ ಗಿಡಕ್ಕೆಲ್ಲ ಕೆಂಪು ಬಟ್ಟೆ ಕಟ್ಟಿದ್ದೆ. ಡ್ರೈವರ್‌ಗೆ ಮುಳ್ಳಿರುವುದೆಲ್ಲ ಜಾಲಿಯೇ, ಅಲ್ವಾ? ಕರಿಜಾಲಿ ನಮ್ಮ ನೆಲದ್ದು. ಹಳದಿ ಗುಂಡು ಹೂವು, ಮಣಿ ಪೋಣಿಸಿದಂಥ ಕಾಯಿ. ಬನ್ನಿಯೂ ನಮ್ಮದೇ. ಅದರ ಮುಳ್ಳು ಚಿಕ್ಕದು, ಟೊಂಗೆ ಉದ್ದಕ್ಕೂ ಚದುರಿರುತ್ತದೆ. ಬಳ್ಳಾರಿ ಜಾಲಿಗೆ ಎಲೆ ಹುಟ್ಟುವಲ್ಲೇ ಉದ್ದ ಮುಳ್ಳು. ಬನ್ನಿ ಕೆಳಗೆ ಬೆಳೆ ಬರುತ್ತದೆ, ಇದರ ಕೆಳಗೆ ಬರುವುದಿಲ್ಲ. ನೆಲದ ನೀರು ಹೀರುವುದಲ್ಲದೆ, ಉದುರಿದ ಎಲೆಯ ಸತ್ವವೂ ಬೇರೆ ಬೀಜ ಮೊಳೆಯದಂತೆ ತಡೆಯುತ್ತದೆ.

ಹೊರಗಿಂದ ಬಂದದ್ದಕ್ಕೆಲ್ಲ ನಾನು ವೈರಿ ಅಲ್ಲ. ನಾವು ದಿನಾ ರೊಟ್ಟಿ ತಟ್ಟುವ ಜೋಳ ಆಫ್ರಿಕಾದ್ದು, ಹುಣಸೆಯೂ ಅಲ್ಲಿಯದೇ. ಮೆಣಸಿನಕಾಯಿ, ಶೇಂಗಾ ಅಮೆರಿಕ ಖಂಡದ್ದು. ಕಲಬುರಗಿಗೆ ಹೆಸರು ತಂದ ತೊಗರಿ ಮಾತ್ರ ಭಾರತದಲ್ಲೇ ಹುಟ್ಟಿದ್ದು. ಆದರೆ ಜೋಳ ನಾವು ಬಿತ್ತಿದರೆ ಬರುತ್ತದೆ, ಬಿಟ್ಟರೆ ಇಲ್ಲ. ಜಾಲಿಗೆ ನಮ್ಮ ಅಪ್ಪಣೆ ಬೇಕಿಲ್ಲ. ಅದನ್ನೂ ಬೇಕೆಂದೇ ತಂದದ್ದು. 1877ರ ಸುಮಾರಿಗೆ ಜಮೈಕಾದಿಂದ ಬೀಜ ತರಿಸಿ ಕಡಪ ಕಡೆ ಹಾಕಿದರು. ಒಣ ಸೀಮೆಗೆ ಉರುವಲು ಸಿಗಲಿ ಎಂಬ ಲೆಕ್ಕ. ಆ ಲೆಕ್ಕ ತಪ್ಪಿರಲಿಲ್ಲ, ಇವತ್ತಿಗೂ ಊರಿನ ಎಷ್ಟೋ ಒಲೆ ಉರಿಯುವುದು ಅದರಿಂದಲೇ. ಅದಕ್ಕೇ ಹಳ್ಳದ ಆಚೆಯ ಒಂದು ತುಂಡನ್ನು ಮುಟ್ಟದೆ ಬಿಟ್ಟಿದ್ದೇನೆ. ಎಲ್ಲ ಒಮ್ಮೆಲೇ ತೆಗೆದರೆ ಉರಿಗೆ ಬನ್ನಿ, ಬೇವು ಕಡಿಯುತ್ತಾರೆ.

ಅಸಲಿ ಕೆಲಸ ಶುರುವಾದದ್ದು ಜಾಲಿ ಹೋದ ಮೇಲೆ. ಬರಿದಾದ ನೆಲಕ್ಕೆ ಮುಂಗಾರು ಬಿದ್ದದ್ದೇ ತಡ, ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ ಕಳೆ, ಹಬ್ಬಿತು. ಇದೂ ಅಮೆರಿಕ ಖಂಡದ್ದೇ. ನಮ್ಮ ದೇಶದಲ್ಲಿ ಕಣ್ಣಿಗೆ ಬಿದ್ದದ್ದು 1955ರ ಸುಮಾರಿಗೆ ಪುಣೆಯಲ್ಲಿ. ಹೂವು ಬಿಡುವ ಮೊದಲು, ನೆಲ ಹಸಿ ಇರುವಾಗ, ಕೈಗವಸು ಹಾಕಿ ಬೇರು ಸಮೇತ ಕೀಳಬೇಕು. ಬರಿಗೈಯಲ್ಲಿ ಕಿತ್ತರೆ ಕೆಲವರಿಗೆ ತುರಿಕೆ ತಿಂಗಳಾದರೂ ಹೋಗುವುದಿಲ್ಲ. ಉಪ್ಪುನೀರು ಹೊಡಿ ಅಂತ ಹೇಳುವವರಿದ್ದಾರೆ. ರಸ್ತೆ ಬದಿಗೆ ಸರಿ, ಬೆಳೆ ತೆಗೆಯುವ ನೆಲಕ್ಕೆ ಉಪ್ಪು ಯಾಕೆ ಹಾಕಬೇಕು?

ಖಾಲಿ ಜಾಗಕ್ಕೆ ತಂಗಡಿ ಬೀಜ ಚೆಲ್ಲಿದೆ. ಕೆಲವು ಕಡೆ ಆವರಿಕೆ ಅನ್ನುತ್ತಾರೆ, ಹಳದಿ ಹೂವಿನದು. ಬೀಜದ ಸಿಪ್ಪೆ ಗಟ್ಟಿ, ಬಿಸಿನೀರಿಗೆ ಹಾಕಿ ರಾತ್ರಿಯೆಲ್ಲ ನೆನೆಸಿದರೆ ಚೆನ್ನಾಗಿ ಮೊಳೆಯುತ್ತದೆ. ಗರಸು ನೆಲಕ್ಕೂ ಒಗ್ಗುತ್ತದೆ, ಆಡು ಹೆಚ್ಚು ಮುಟ್ಟುವುದಿಲ್ಲ, ದಟ್ಟವಾದರೆ ಕಾಂಗ್ರೆಸ್ ಗಿಡಕ್ಕೆ ಜಾಗ ಬಿಡುವುದಿಲ್ಲ. ಒಡ್ಡಿನ ಮೇಲೆ ಕರಿಕೆ, ಅಂಜನ ಹುಲ್ಲು ಬಂದಿದೆ. ಬನ್ನಿ ಸಸಿಗೆ ಮಾತ್ರ ಬೇಲಿ ಬೇಕೇ ಬೇಕು, ಆಡಿಗೆ ಅದರ ಎಲೆ ಅಂದರೆ ಪ್ರಾಣ. ಕಡಿದ ಜಾಲಿ ಟೊಂಗೆಯನ್ನೇ ಸುತ್ತ ಇಟ್ಟೆ, ಕಾಯಿ ಇರದ ಟೊಂಗೆ ನೋಡಿ.

ಮಳೆಗಾಲದಲ್ಲಿ ಕಾಂಗ್ರೆಸ್ ಗಿಡದ ಎಲೆ ತೂತಾಗಿದ್ದರೆ ಬೆನ್ನ ಮೇಲೆ ಕಂದು ಗೆರೆ ಇರುವ ಬಿಳುಪು ದುಂಬಿ ಹುಡುಕಿ. ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದು. ಪರದೇಶಿ ಕಳೆಗೆ ಪರದೇಶಿ ಹುಳು! ಸೂರ್ಯಕಾಂತಿಗೂ ಬೀಳುತ್ತದೆ ಅಂತ ಆಗ ಗಲಾಟೆ ಎದ್ದಿತ್ತು. ನಮ್ಮಲ್ಲಿ ಕಂಡಾಗ ನಾನು ಔಷಧಿ ಹೊಡೆಯುವುದಿಲ್ಲ. ಬೇಸಿಗೆಗೆ ಅದು ಮಣ್ಣೊಳಗೆ ಅಡಗಿ ಮಲಗುತ್ತದೆ, ಅದನ್ನೇ ನಂಬಿ ಕೂರುವಂತಿಲ್ಲ.

ಜಾಲಿ ಹೊಲಕ್ಕೆ ಮರಳಿ ಬರಲು ಇನ್ನೊಂದು ದಾರಿ ಇದೆ, ಅದನ್ನು ಯಾರೂ ನೋಡುವುದಿಲ್ಲ: ಕುರಿ ಗೊಬ್ಬರ. ಜಾಲಿ ಕಾಯಿ ಸಿಹಿ, ಕುರಿ ಆಡು ಮುಗಿಬಿದ್ದು ತಿನ್ನುತ್ತವೆ. ಬೀಜ ಹೊಟ್ಟೆಯಲ್ಲಿ ಕರಗುವುದಿಲ್ಲ. ಹಿಕ್ಕೆಯಲ್ಲಿ ಬಂದು ಗೊಬ್ಬರ ಸಮೇತ ಮೊಳೆಯುತ್ತದೆ. ಕಾಯಿ ಉದುರುವ ಬೇಸಿಗೆಯಲ್ಲೇ ನಾವು ಹೊಲದಲ್ಲಿ ಕುರಿ ನಿಲ್ಲಿಸುತ್ತಿದ್ದೆವು. ಈ ಮಾತು ಹೇಳಿದಾಗ ಕುರಿಯ ಹುಡುಗ ನಕ್ಕ: "ಕಾಕಾ, ಗೊಬ್ಬರ ಬೇಕು, ಬೀಜ ಬ್ಯಾಡ ಅಂದ್ರ ಕುರಿಗಿ ಹ್ಯಾಂಗ ಹೇಳ್ಲಿ?" ಈಗ ಹಿಂಗಾರಿ ಜೋಳ ಕಿತ್ತ ಕೂಡಲೇ, ಕಾಯಿ ಹಣ್ಣಾಗುವ ಮೊದಲೇ ಅವನ ಹಿಂಡು ನಮ್ಮಲ್ಲಿ ನಿಲ್ಲುತ್ತದೆ. ಆಮೇಲೆ ಬರುವ ದೊಡ್ಡಿ ಗೊಬ್ಬರವನ್ನು ತಿಪ್ಪೆಯಲ್ಲಿ ಚೆನ್ನಾಗಿ ಬಿಸಿಯೇರಿ ಕೊಳೆಯಲು ಬಿಟ್ಟು, ನಂತರವೇ ಹೊಲಕ್ಕೆ ಹಾಕುತ್ತೇವೆ. ಅಷ್ಟಾದರೂ ಮೊದಲ ಮಳೆಯ ನಂತರ ಒಂದಿಷ್ಟು ಜಾಲಿ ಸಸಿ ಏಳುತ್ತವೆ. ಬೆರಳುದ್ದ ಇರುವಾಗ ಎರಡು ಬೆರಳಲ್ಲಿ ಕಿತ್ತರೆ ಬರುತ್ತವೆ, ಒಂದು ವರ್ಷ ಬಿಟ್ಟರೆ ಗುದ್ದಲಿ ಬೇಕು.