ಆರ್ಕೇಡ್ ಮೆಷಿನ್‌ಗೆ ಹೊಸ ಪ್ರಿಂಟ್: ಅಂಟಿಸುವ ಮೊದಲು ನಾನು ನೋಡುವುದು

ಕಾಸು ಹಾಕಿ ವಿಡಿಯೊ ಗೇಮ್ ಆಡುವ ಹಳೇ ಆರ್ಕೇಡ್ ಮೆಷಿನ್‌ನ ಸರ್ಕ್ಯೂಟ್ ಬೋರ್ಡ್ ಸರಿಯಾಯಿತೋ ಇಲ್ಲವೋ ಅನ್ನುವುದು ಸ್ವಿಚ್ ಹಾಕಿದ ತಕ್ಷಣ ಗೊತ್ತಾಗುತ್ತದೆ. ಚಿತ್ರಗಳ ವಿಷಯ ಹಾಗಲ್ಲ. ಹೊಸದಾಗಿ ಪ್ರಿಂಟ್ ಆದ ಮಾರ್ಕೀ (ಮೆಷಿನ್‌ನ ಮೇಲ್ಭಾಗದಲ್ಲಿ ಹಿಂದಿನಿಂದ ಬೆಳಗುವ ಹೆಸರಿನ ಫಲಕ), ಸೈಡ್ ಆರ್ಟ್ (ಪಕ್ಕಗಳ ಚಿತ್ರ) ಎಲ್ಲವೂ ಸುರುಳಿ ಬಿಚ್ಚಿದಾಗ ಚೆನ್ನಾಗಿಯೇ ಕಾಣುತ್ತವೆ. ಅಂಟಿಸಿದ ಮೇಲೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಆಮೇಲೆ ಕೀಳುವುದಕ್ಕೂ ಆಗಲ್ಲ.

ಮೂಲ ಮೆಷಿನ್‌ನಲ್ಲಿ ಆ ಚಿತ್ರವನ್ನು ಹೇಗೆ ಮಾಡಿದ್ದರು ಅಂತ ಮೊದಲು ತಿಳಿದುಕೊಳ್ಳುತ್ತೇನೆ. 1980ರ ಮಿಡ್‌ವೇ ಕಂಪನಿಯ ಪ್ಯಾಕ್‌ಮ್ಯಾನ್ ಮೆಷಿನ್‌ನ ಪಕ್ಕಗಳಲ್ಲಿ ಸ್ಟಿಕ್ಕರ್ ಇರಲೇ ಇಲ್ಲ, ಸ್ಟೆನ್ಸಿಲ್ (ಚಿತ್ರದ ಆಕಾರ ಕತ್ತರಿಸಿದ ಹಾಳೆ) ಇಟ್ಟು ಬಣ್ಣ ಹೊಡೆದಿದ್ದರು. ವಿಲಿಯಮ್ಸ್‌ನ ಡಿಫೆಂಡರ್ ಕೂಡ ಹಾಗೇ. ಅಂಥದ್ದಕ್ಕೆ ಎಷ್ಟೇ ಒಳ್ಳೆಯ ವಿನೈಲ್ ಸ್ಟಿಕ್ಕರ್ ಅಂಟಿಸಿದರೂ ಓರೆ ಬೆಳಕಲ್ಲಿ ಗುಟ್ಟು ರಟ್ಟಾಗುತ್ತದೆ. ಬಣ್ಣ ಹೊಡೆದ ಅಂಚು ಅಲ್ಲಲ್ಲಿ ಸ್ವಲ್ಪ ಹರಡಿರುತ್ತದೆ, ಬೆರಳಾಡಿಸಿದರೆ ಬಣ್ಣದ ದಪ್ಪ ಸಿಗುತ್ತದೆ. ಇಲ್ಲಿ ನನ್ನ ಓಟು ಸ್ಟೆನ್ಸಿಲ್‌ಗೇ. ಅಟಾರಿಯ ಸೆಂಟಿಪೀಡ್‌ನದು ಬೇರೆ ಕಥೆ, ಅದರ ಪಕ್ಕಗಳಿಗೆ ದೊಡ್ಡ ಪ್ರಿಂಟ್ ಹಾಳೆಯೇ ಇತ್ತು.

ಆಮೇಲೆ ಭೂತಗನ್ನಡಿ. ಹತ್ತು ಪಟ್ಟು ದೊಡ್ಡದು ಮಾಡುವ ಚಿಕ್ಕದೊಂದು ಸಾಕು. ಸ್ಕ್ರೀನ್ ಪ್ರಿಂಟ್‌ನಲ್ಲಿ, ಅಂದರೆ ಜಾಲರಿಯ ಮೂಲಕ ಇಂಕ್ ಎಳೆಯುವ ವಿಧಾನದಲ್ಲಿ, ಒಂದೊಂದು ಬಣ್ಣಕ್ಕೂ ಬೇರೆ ಸ್ಕ್ರೀನ್. ಕಿತ್ತಳೆಯನ್ನು ಮೊದಲೇ ಕಲಸಿ ಎಳೆದಿರುತ್ತಾರೆ, ಹಾಗಾಗಿ ಎಲ್ಲಿ ನೋಡಿದರೂ ಒಂದೇ ಸಮ. ಇಂಕ್‌ಜೆಟ್‌ನಲ್ಲಿ ಅದೇ ಕಿತ್ತಳೆ ಹಳದಿ, ಮೆಜೆಂಟಾ ಚುಕ್ಕೆಗಳ ಗುಂಪು. ಅಕ್ಷರದ ಅಂಚು ಗೆರೆ ಎಳೆದಂತೆ ಇರದೆ ಪುಡಿಪುಡಿಯಾಗಿರುತ್ತದೆ. ಇಂಕ್‌ಜೆಟ್ ಅಂದರೆ ಕೆಟ್ಟದ್ದು ಅಂತಲ್ಲ, ನಾಲ್ಕಡಿ ದೂರದಿಂದ ನೋಡುವ ಸೈಡ್ ಆರ್ಟ್‌ಗೆ ನಡೆಯುತ್ತದೆ. ಆದರೆ ಮೂಲದಲ್ಲಿ ಫ್ಲೋರೊಸೆಂಟ್ ಇಂಕ್ ಇದ್ದರೆ ಮಾಮೂಲಿ ನಾಲ್ಕು ಬಣ್ಣದ ಪ್ರಿಂಟರ್‌ಗೆ ಆ ಹೊಳಪು ಬರುವುದೇ ಇಲ್ಲ.

ಬಣ್ಣ ಹೋಲಿಸುವಾಗ ಮೂಲದ ಯಾವ ಜಾಗಕ್ಕೆ ಹೋಲಿಸುತ್ತೀರಿ ಅನ್ನುವುದೇ ಮುಖ್ಯ. ಬಿಸಿಲು, ಟ್ಯೂಬ್‌ಲೈಟ್ ಕಂಡ ಕೆಂಪು ಮಾಸಿ ಗುಲಾಬಿಯ ಹತ್ತಿರ ಬಂದಿರುತ್ತದೆ. ಅದನ್ನೇ ಸ್ಕ್ಯಾನ್ ಮಾಡಿ ಪ್ರಿಂಟ್ ಹಾಕಿದವರೂ ಇದ್ದಾರೆ! ಮಾರ್ಕೀಯನ್ನು ಹಿಡಿದಿಡುವ ಪಟ್ಟಿಯನ್ನು ಬಿಚ್ಚಿದರೆ ಅದರ ಕೆಳಗೆ ಬೆರಳಗಲಕ್ಕಿಂತ ಕಡಿಮೆ ಜಾಗ ಬೆಳಕನ್ನೇ ಕಂಡಿರುವುದಿಲ್ಲ. ಅಲ್ಲಿ ಉಳಿದಿರುವುದೇ ನಿಜವಾದ ಬಣ್ಣ. ಜಾಯ್‌ಸ್ಟಿಕ್ ಕೆಳಗಿನ ವಾಷರ್ ತೆಗೆದರೂ ಅಂಥ ಜಾಗ ಸಿಗುತ್ತದೆ. ಹೊಸ ಪ್ರಿಂಟ್‌ನ ಅಂಚನ್ನು ಅದಕ್ಕೆ ತಾಗಿಸಿ, ಒಮ್ಮೆ ಹಗಲು ಬೆಳಕಲ್ಲಿ, ಒಮ್ಮೆ ಕೋಣೆಯ ದೀಪದಲ್ಲಿ ನೋಡುತ್ತೇನೆ. ಒಂದರಲ್ಲಿ ಹೊಂದಿ ಇನ್ನೊಂದರಲ್ಲಿ ಹೊಂದದ ಬಣ್ಣಗಳು ಎಷ್ಟೋ ಇವೆ.

ಮಾರ್ಕೀಯನ್ನು ಮೇಜಿನ ಮೇಲೆ ಮಲಗಿಸಿ ನೋಡಿ ಪ್ರಯೋಜನವಿಲ್ಲ. ಹಿಂದೆ ಬೆಳಕು ಹಾಕಲೇಬೇಕು, ಅದೂ ಮೆಷಿನ್‌ನಲ್ಲಿ ಹಾಕುವ ಟ್ಯೂಬ್ ಅಥವಾ ಎಲ್‌ಇಡಿಯನ್ನೇ. ಕಪ್ಪು ಪದರ ತೆಳುವಾಗಿದ್ದರೆ ಕಪ್ಪು ಬೂದು ಬಣ್ಣವಾಗಿ ಕಾಣುತ್ತದೆ, ಇಲ್ಲವೇ ಜರಡಿಯ ಹಾಗೆ ಸೂಜಿ ತೂತುಗಳಿಂದ ಬೆಳಕು ಸೋರುತ್ತದೆ. ಇಂಕ್ ಹೆಚ್ಚಾದರೆ ಹಳದಿಯೇ ಮಂಕು. ಇದು ಸರಿಯಿಲ್ಲದಿದ್ದರೆ ಮಿಕ್ಕಿದ್ದು ನೋಡುವುದೇ ಬೇಡ, ವಾಪಸ್ ಕಳಿಸಿಬಿಡುತ್ತೇನೆ.

ಗೆರೆಗಳ ವಿಷಯಕ್ಕೆ ನನ್ನದೇ ಒಂದು ಹಟವಿದೆ. ಹೊಸ ಫೈಲ್ ತಯಾರಿಸುವವರು ಮೂಲವನ್ನು ಕಂಪ್ಯೂಟರ್‌ನಲ್ಲಿ ಮತ್ತೆ ಎಳೆಯುತ್ತಾರೆ. ಆಗ ಕೈಯಲ್ಲಿ ಬರೆದ ಗೆರೆಯ ದಪ್ಪ-ಸಣ್ಣ ಮಾಯವಾಗಿ ಎಲ್ಲವೂ ಒಂದೇ ಅಳತೆಗೆ ಬಂದುಬಿಡುತ್ತದೆ. ಚೂಪು ಮೂಲೆಗಳು ದುಂಡಗಾಗುತ್ತವೆ. ಕೆಲವರು ಮೂಲದ ಕಲಾವಿದ ವಕ್ರವಾಗಿ ಬರೆದ ಬೆರಳನ್ನೂ ಸರಿ ಮಾಡಿಬಿಡುತ್ತಾರೆ. ಯಾರು ಕೇಳಿದ್ದರು ಅವರನ್ನು? ಮೂಲದ ಅದೇ ಅಳತೆಯ ಸ್ಕ್ಯಾನನ್ನು ಪಾರದರ್ಶಕ ಹಾಳೆಯಲ್ಲಿ ಪ್ರಿಂಟ್ ಮಾಡಿ ಹೊಸದರ ಮೇಲಿಟ್ಟರೆ ಇದೆಲ್ಲ ಬಯಲಾಗುತ್ತದೆ.

ಜಾಯ್‌ಸ್ಟಿಕ್, ಬಟನ್ ಇರುವ ಕಂಟ್ರೋಲ್ ಪ್ಯಾನೆಲ್‌ನ ಹಾಳೆಗೆ ಮಾತ್ರ ಉಗುರಿನ ಪರೀಕ್ಷೆ. ಪಾಲಿಕಾರ್ಬೊನೇಟ್ ಅನ್ನುವ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್‌ನ ಹಿಂಬದಿಗೆ ಪ್ರಿಂಟ್ ಹಾಕಿದ್ದರೆ ಎಷ್ಟು ಕೆರೆದರೂ ಬಣ್ಣಕ್ಕೆ ಏನೂ ಆಗುವುದಿಲ್ಲ. ಮೇಲೆ ಹಾಕಿ ಲ್ಯಾಮಿನೇಟ್ ಮಾಡಿದ್ದರೆ, ಬಟನ್ ತೂತು ಕತ್ತರಿಸಿದ ಅಂಚಿನಲ್ಲಿ ಉಗುರು ಹಾಕಿ ಎತ್ತಿದಾಗ ಪದರ ಮೇಲೇಳುತ್ತದಾ ಅಂತ ನೋಡಿ. ಎದ್ದರೆ, ಆಟ ಆಡುವ ಮೆಷಿನ್‌ಗೆ ಅದು ಬೇಡ.