ಸಿಲ್ವರ್ ಮರ ಎಷ್ಟು ದಪ್ಪ ಆಯ್ತು ಅಂತ ಅಳೆಯೋದು ಹೇಗೆ

ಮೂಡಿಗೆರೆ, ಸಕಲೇಶಪುರ ಕಡೆ ಕಾಫಿ ತೋಟದಲ್ಲಿ ಸಿಲ್ವರ್ ಮರ, ಅಂದ್ರೆ ನೆರಳಿಗೆ ಬೆಳೆಸೋ ಸಿಲ್ವರ್ ಓಕ್, ಇಲ್ಲದೋರು ಕಮ್ಮಿ, ಆದ್ರೆ ವರ್ಷಾ ವರ್ಷ ಅಳೆದು ಬರೆದಿಟ್ಟೋರು ಇನ್ನೂ ಕಮ್ಮಿ. ಟೈಲರ್ ಟೇಪ್ ಸಾಕು. ನೆಲದಿಂದ ನಾಲ್ಕೂವರೆ ಅಡಿ ಅಂದ್ರೆ 137 ಸೆಂಟಿಮೀಟರ್ ಎತ್ತರಕ್ಕೆ ಪೇಂಟಲ್ಲಿ ಗೆರೆ ಹಾಕಿ, ಇಳಿಜಾರಾದ್ರೆ ಮೇಲ್ಗಡೆ ನಿಂತು ಅಳೀರಿ, ಮೆಣಸಿನ ಬಳ್ಳಿ ಇದ್ರೆ ಟೇಪನ್ನ ಬಳ್ಳಿ ಅಡೀಲಿ ನಿಧಾನಕ್ಕೆ ತೂರಿಸ್ಬೇಕು, ಬಳ್ಳಿ ಸೇರಿಸಿ ಅಳೆದ್ರೆ ಲೆಕ್ಕ ಪೂರ್ತಿ ಸುಳ್ಳಾಗುತ್ತೆ. ಸುತ್ತಳತೇನ 3.14ರಿಂದ ಭಾಗಿಸಿದ್ರೆ ವ್ಯಾಸ. ಪ್ರತಿ ವರ್ಷ ಅದೇ ತಿಂಗಳು ಅಳೀರಿ, ನನ್ ಪ್ರಕಾರ ಫೆಬ್ರವರಿ ಒಳ್ಳೇದು, ಮಳೇಲಿ ತೊಗಟೆ ನೀರು ಕುಡಿದು ಉಬ್ಬಿರುತ್ತೆ. ಹಾಂ, ಮರಗಸಿ (ನೆರಳಿನ ಮರದ ರೆಂಬೆ ಕಡಿಸೋ ಕೆಲಸ) ಮಾಡ್ಸುವಾಗ ಕೆಳಗಿನ ರೆಂಬೇನ ಸಣ್ಣದಿದ್ದಾಗ್ಲೇ ತೊಗಟೆ ಸೀಳದ ಹಾಗೆ ತೆಗೆಸಿ ದಯವಿಟ್ಟು, ದಪ್ಪ ಆದ್ಮೇಲೆ ಕಡಿದ್ರೆ ಹಲಗೇಲಿ ದೊಡ್ಡ ಗಂಟು ಉಳಿಯುತ್ತೆ.